ಹ್ಯಾಟಿ ಮೇಯರ್ ಮತ್ತೆ ಆಂಜಿಯಾ ಆಗಿದ್ದು

ಆಂಜಿಯಾ ಯೆಜಿಯರ್ಸ್ಕಾ ಹುಟ್ಟಿದ್ದು 1880ರ ಆಸುಪಾಸಿನಲ್ಲಿ, ಪೋಲೆಂಡಿನ ಒಂದು ಊರಲ್ಲಿ. ಆಗ ಅದು ರಷ್ಯಾ ಚಕ್ರವರ್ತಿಯ ಆಳ್ವಿಕೆಯಲ್ಲಿತ್ತು. ಬಡ ಯಹೂದಿ ಕುಟುಂಬ. 1890ರ ಸುಮಾರಿಗೆ ಹಡಗು ಹತ್ತಿ ನ್ಯೂಯಾರ್ಕಿಗೆ ಬಂದು, ಲೋಯರ್ ಈಸ್ಟ್ ಸೈಡಿನ ಕಿಕ್ಕಿರಿದ ವಠಾರ ಸೇರಿದರು. ಅಮೆರಿಕಕ್ಕೆ ಬಂದ ಮೇಲೆ ಹೆಸರೂ ಬದಲಾಯ್ತು. ಆಂಜಿಯಾ ಹೋಗಿ ಹ್ಯಾಟಿ ಮೇಯರ್!

ಅಪ್ಪ ಸದಾ ಧರ್ಮಗ್ರಂಥಗಳಲ್ಲೇ ಮುಳುಗಿದವರು, ದುಡಿದು ತರುವವರಲ್ಲ. ಗಂಡುಮಕ್ಕಳಿಗೆ ಓದು, ಹೆಣ್ಣುಮಕ್ಕಳಿಗೆ ದುಡಿಮೆ. ಹ್ಯಾಟಿ ಹಗಲು ಹೊಲಿಗೆ ಕಾರ್ಖಾನೆ, ಲಾಂಡ್ರಿ ಅಂತ ದುಡಿದು ರಾತ್ರಿ ಇಂಗ್ಲಿಷ್ ಕಲಿತರು. ಕೊನೆಗೆ ದಾನಿಗಳ ನೆರವಿನಿಂದ ಕೊಲಂಬಿಯಾದ ಟೀಚರ್ಸ್ ಕಾಲೇಜಿನಲ್ಲಿ ಓದಿ 1904ರಲ್ಲಿ ಪಾಸಾದರು. ಆದರೆ ಓದಿದ್ದು ಗೃಹವಿಜ್ಞಾನ. ದುಡ್ಡು ಕೊಟ್ಟವರಿಗೆ ಬೇಕಾಗಿದ್ದದ್ದು ಅಡುಗೆ ಕಲಿಸೋ ಟೀಚರ್, ಕತೆಗಾರ್ತಿ ಅಲ್ಲ. ಬೇರೆಯವರು ಹೇಳಿದ ಬ್ರಾಂಚ್ ತಗೊಂಡು ಕೂತಿರೋ ನಮ್ಮಲ್ಲಿ ಹಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟವಿಲ್ಲದೆಯೇ ವರ್ಷಗಟ್ಟಲೆ ಅಡುಗೆ ಪಾಠ ಮಾಡಿದರು. ಮೂವತ್ತರ ಹತ್ತಿರ ಬರುವಾಗ ಹ್ಯಾಟಿಯನ್ನು ಬಿಟ್ಟು ಹಳೇ ಹೆಸರನ್ನೇ ವಾಪಸ್ ತಗೊಂಡರು, ಬರೆಯೋಕೆ ಕೂತರು. ಮದುವೆಯಾಯ್ತು, 1912ರಲ್ಲಿ ಮಗಳು ಲೂಯಿಸ್ ಹುಟ್ಟಿದಳು. ಸಂಸಾರ ನಿಲ್ಲಲಿಲ್ಲ. ಮಗಳನ್ನು ತಂದೆಯ ಹತ್ತಿರ ಬಿಟ್ಟು ಬರವಣಿಗೆಯ ಹಿಂದೆ ಹೋದರು. ನಮಗೆ ಈ ಭಾಗ ಓದುವಾಗ ಸ್ವಲ್ಪ ಕಷ್ಟ ಆಯ್ತು. ಗಂಡಸು ಲೇಖಕರು ಮನೆ ಬಿಟ್ಟಾಗ ಇಷ್ಟು ಕಷ್ಟ ಆಗಲ್ಲವಲ್ಲ, ಅದನ್ನೂ ಯೋಚಿಸಿದೆವು.

1915ರಲ್ಲಿ ಮೊದಲ ಕತೆ ಅಚ್ಚಾಯಿತು. ದಾನಿಗಳು ನಡೆಸುವ ವಿಶ್ರಾಂತಿಧಾಮಕ್ಕೆ ಹೋದ ಬಡ ತಾಯಿಯೊಬ್ಬಳು ಅಲ್ಲಿನ ಪ್ರಶ್ನೆ, ರೂಲ್ಸುಗಳ ನಡುವೆ ಅವಮಾನ ಅನುಭವಿಸೋ ಕತೆ. ದಾನ ತಗೊಂಡವರಿಗಷ್ಟೇ ಗೊತ್ತಿರೋ ವಿಷಯ ಅದು! 1918ರಲ್ಲಿ ತತ್ವಜ್ಞಾನಿ ಜಾನ್ ಡ್ಯೂಯಿ ಫಿಲಡೆಲ್ಫಿಯಾದ ಪೋಲಿಷ್ ವಲಸಿಗರ ಬಗ್ಗೆ ಅಧ್ಯಯನ ನಡೆಸಿದಾಗ ಆಂಜಿಯಾ ಅನುವಾದಕಿಯಾಗಿ ದುಡಿದರು. ಬರೆಯಲು ಹುರಿದುಂಬಿಸಿದವರಲ್ಲಿ ಡ್ಯೂಯಿಯೂ ಒಬ್ಬರು.

ಮೊದಲ ಕಥಾಸಂಕಲನ 'ಹಂಗ್ರಿ ಹಾರ್ಟ್ಸ್' ಬಂದದ್ದು 1920ರಲ್ಲಿ. ಅದರಲ್ಲಿನ ಇಂಗ್ಲಿಷ್ ಕಾಲೇಜಿನ ಇಂಗ್ಲಿಷ್ ಅಲ್ಲ. ಒಳಗಡೆ ಯಿಡ್ಡಿಷ್ ಮಾತಿನ ಓಟವಿದೆ. ಸಿನಿಮಾ ಹಕ್ಕಿಗೆ ಸ್ಯಾಮ್ಯುಯೆಲ್ ಗೋಲ್ಡ್‌ವಿನ್ 10,000 ಡಾಲರ್ ಕೊಟ್ಟರು. ಆಂಜಿಯಾ ಹಾಲಿವುಡ್ಡಿಗೂ ಹೋದರು, ಆದರೆ ಅಲ್ಲಿ ಬರೆಯಲಾಗದೆ ನ್ಯೂಯಾರ್ಕಿಗೇ ಮರಳಿದರು. 1925ರಲ್ಲಿ 'ಬ್ರೆಡ್ ಗಿವರ್ಸ್' ಕಾದಂಬರಿ ಬಂತು. ಆಮೇಲೆ ಓದುಗರು ನಿಧಾನವಾಗಿ ಮರೆತರು.

1970ರಲ್ಲಿ ತೀರಿಕೊಂಡರು. ಐದು ವರ್ಷದ ನಂತರ 'ಬ್ರೆಡ್ ಗಿವರ್ಸ್' ಮರುಮುದ್ರಣವಾಯ್ತು. 1988ರಲ್ಲಿ ಅವರ ಜೀವನಚರಿತ್ರೆ ಪ್ರಕಟವಾಯ್ತು. ಬರೆದವರು, ಅವರು ಬಿಟ್ಟುಹೋಗಿದ್ದ ಮಗಳು ಲೂಯಿಸ್.