ಬಡಮಣ್ಣಿನ ಬಂಧು ಜಾರ್ಜ್ ವಾಷಿಂಗ್ಟನ್ ಕಾರ್ವರ್

ಕೆಲವು ಮಹನೀಯರ ಕೀರ್ತಿಯೇ ಅವರ ನಿಜವಾದ ಸಾಧನೆಯನ್ನು ಮರೆಮಾಡಿಬಿಡುತ್ತದೆ. ಅಮೆರಿಕದ ನೀಗ್ರೋ ವಿಜ್ಞಾನಿ ಜಾರ್ಜ್ ವಾಷಿಂಗ್ಟನ್ ಕಾರ್ವರರನ್ನು ಜಗತ್ತು ಕಡಲೆಕಾಯಿಯಿಂದ ನೂರಾರು ಪದಾರ್ಥಗಳನ್ನು ತೆಗೆದವರೆಂದು ನೆನೆಯುತ್ತದೆ. ಅವರ ಬಾಳನ್ನು ಓದಿದಷ್ಟೂ ನನಗೆ ಹಿರಿದಾಗಿ ಕಂಡದ್ದು ಆ ಪಟ್ಟಿಯಲ್ಲ. ಸತ್ತ್ವಗೆಟ್ಟ ಮರಳುಮಣ್ಣಿಗಾಗಿ ಅವರು ಪಟ್ಟ ಪಾಡು.

ಕಾರ್ವರರು ಹುಟ್ಟಿದ್ದು ಮಿಸೂರಿ ರಾಜ್ಯದಲ್ಲಿ, ಸುಮಾರು ೧೮೬೪ರಲ್ಲಿ, ಗುಲಾಮಳ ಮಗನಾಗಿ. ಹುಟ್ಟಿದ ದಿನವನ್ನು ಬರೆದಿಟ್ಟವರಿಲ್ಲ. ಹಸುಗೂಸಾಗಿದ್ದಾಗಲೇ ಕಳ್ಳರ ಗುಂಪೊಂದು ತಾಯಿಯನ್ನೂ ಮಗುವನ್ನೂ ಹೊತ್ತೊಯ್ದಿತು. ಮಗು ಮರಳಿ ದೊರೆಯಿತು, ತಾಯಿ ದೊರೆಯಲಿಲ್ಲ. ಒಡೆಯನಾಗಿದ್ದ ಮೋಸೆಸ್ ಕಾರ್ವರ್ ಮತ್ತು ಆತನ ಪತ್ನಿ ಸೂಸನ್ ಆ ತಬ್ಬಲಿಯನ್ನು ಸಾಕಿದರು. ಅಕ್ಷರದ ಹಸಿವು ಬಾಲಕನನ್ನು ಊರಿಂದೂರಿಗೆ ಅಲೆಸಿತು. ಬಟ್ಟೆ ಒಗೆದು, ಅಡಿಗೆ ಮಾಡಿ, ಅವನು ಓದಿದನು. ಕಾಲೇಜೊಂದು ಪ್ರವೇಶ ಕೊಟ್ಟು, ಬಾಗಿಲಿಗೆ ಬಂದವನ ಮೈಬಣ್ಣವನ್ನು ಕಂಡು ಹಿಂದಕ್ಕಟ್ಟಿತು. ಕೊನೆಗೆ ಅಯೋವಾದ ಸಿಂಪ್ಸನ್ ಕಾಲೇಜಿನಲ್ಲಿ ಚಿತ್ರಕಲೆಯನ್ನು ಕಲಿತು, ೧೮೯೧ರಲ್ಲಿ ಆ ರಾಜ್ಯದ ಕೃಷಿ ಕಾಲೇಜನ್ನು ಸೇರಿದರು. ಅಲ್ಲಿ ಕಾಲಿಟ್ಟ ಮೊದಲ ನೀಗ್ರೋ ವಿದ್ಯಾರ್ಥಿ ಅವರೇ. ೧೮೯೬ರಲ್ಲಿ ಸ್ನಾತಕೋತ್ತರ ಪದವಿ ಕೈಸೇರಿತು.

ಅದೇ ವರ್ಷ ಬೂಕರ್ ಟಿ. ವಾಷಿಂಗ್ಟನ್ನರ ಕರೆಗೆ ಓಗೊಟ್ಟು ಅಲಬಾಮದ ಟಸ್ಕೀಗಿಗೆ ಬಂದರು. ಸುತ್ತಲಿನ ನೆಲವೆಲ್ಲ ಹತ್ತಿಯನ್ನೇ ಮತ್ತೆ ಮತ್ತೆ ಬೆಳೆದು ಬಸವಳಿದ ನೆಲ. ಬಹುಪಾಲು ಮರಳು, ಮಳೆ ಬಂದರೆ ಕೊಚ್ಚಿಹೋಗುವಂಥದು. ಉಳುವವರು ವಾರದ ಒಕ್ಕಲುಗಳು. ಬೀಜಕ್ಕೂ ಗೊಬ್ಬರಕ್ಕೂ ಅಂಗಡಿಯವನಲ್ಲಿ ಸಾಲ. ಆ ಸಾಲಕ್ಕೆ ಇನ್ನೂ ಬಾರದ ಬೆಳೆಯೇ ಅಡವು. ಪ್ರಯೋಗಕ್ಷೇತ್ರದ ಒಂದು ಎಕರೆ ೧೮೯೭ರಲ್ಲಿ ತಂದದ್ದು ಲಾಭವಲ್ಲ, ಹದಿನಾರು ಡಾಲರಿಗೂ ಮಿಕ್ಕ ನಷ್ಟ.

ಅಂಗಡಿಯ ಗೊಬ್ಬರವನ್ನು ಕಾರ್ವರರು ಮೊದಲು ಪರೀಕ್ಷಿಸದೆ ಇರಲಿಲ್ಲ. ಆದರೆ ಒಕ್ಕಲಿನವನ ಕೈಗೆ ಅದು ಎಟುಕದು. ಎಟುಕಿದರೂ ಮರಳುಮಣ್ಣಿಗೆ ಹಿಡಿತವಿಲ್ಲ. ನೈಟ್ರೇಟಿನ ರೂಪದ ಸಾರಜನಕವು ಮಳೆನೀರಿನೊಡನೆ ಬೇರುಗಳನ್ನು ದಾಟಿ ಆಳಕ್ಕೆ ಇಳಿದುಬಿಡುತ್ತದೆ. ಗೊಬ್ಬರ ನೀರಿನ ಪಾಲು. ಸಾಲ ರೈತನ ಪಾಲು! ಆದುದರಿಂದ ಕಾರ್ವರರು ಕಾಡಿನ ತರಗೆಲೆಯನ್ನೂ ಜೌಗಿನ ಕಪ್ಪು ಗೋಡನ್ನೂ ಕೊಟ್ಟಿಗೆಯ ಗೊಬ್ಬರವನ್ನೂ ಪದರಪದರವಾಗಿ ಒಟ್ಟಿ ಕೊಳೆಸಲು ಕಲಿಸಿದರು. ಅಲಸಂದೆಯನ್ನು ಬೆಳೆದು ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುವುದನ್ನು ತೋರಿಸಿದರು. ಎಂಟನೆಯ ವರ್ಷಕ್ಕೆ ಅದೇ ಎಕರೆ ೫೦೦ ಪೌಂಡು ತೂಕದ ಒಂದು ಬೇಲ್ ಹತ್ತಿಯನ್ನು ಕೊಟ್ಟಿತು. ೧೯೦೫ರಲ್ಲಿ ಅವರು ಬಳಲಿದ ನೆಲವನ್ನು ಮೇಲೆತ್ತುವ ಬಗೆಯನ್ನೂ, ಮರಳುಭೂಮಿಯ ಹತ್ತಿ ಬೇಸಾಯವನ್ನೂ ಕುರಿತು ಎರಡು ಕಿರುಹೊತ್ತಗೆಗಳನ್ನು ಬರೆದರು. ಮರುವರ್ಷ ಜೆಸಪ್ ಬಂಡಿಯೆಂಬ ಸಂಚಾರಿ ಪಾಠಶಾಲೆ ಈ ವಿದ್ಯೆಯನ್ನು ಹಳ್ಳಿಯ ಅಂಗಳಕ್ಕೆ ಒಯ್ದಿತು.

ಕಾರ್ವರರನ್ನು ರಾಸಾಯನಿಕ ಗೊಬ್ಬರದ ಶತ್ರುವೆಂದು ಬಗೆಯುವುದು ತಪ್ಪೆಂದೇ ನನ್ನ ಎಣಿಕೆ. ಅವರ ಆಕ್ಷೇಪ ಸಾಲದ ಮೇಲೆ, ಹಿಡಿತವಿಲ್ಲದ ಮಣ್ಣಿಗೆ ಸುರಿಯುವ ಅವಿವೇಕದ ಮೇಲೆ. ಇಂದಿನ ಕೃಷಿವಿಜ್ಞಾನ ಎರಡನ್ನೂ ಕೂಡಿಸುತ್ತದೆ. ಕೊಳೆತ ಗೊಬ್ಬರವೊಂದೇ ಆದರೆ ಸಾರಜನಕ ಮೆಲ್ಲಮೆಲ್ಲನೆ ಬಿಡುಗಡೆಯಾಗುತ್ತದೆ. ಒಣ ಎಲೆಯ ಪ್ರಮಾಣ ಹೆಚ್ಚಿದರೆ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನು ತಾವೇ ಮೊದಲು ಉಣ್ಣುತ್ತವೆ, ಪೈರು ಹಳದಿಯಾಗುತ್ತದೆ. ಮಿತವಾದ ರಾಸಾಯನಿಕ ಸಾರಜನಕವನ್ನು ಕಂತುಕಂತಾಗಿ ಜೊತೆಗೂಡಿಸಿದರೆ ಈ ಕೊರತೆ ನೀಗುತ್ತದೆ. ಕೊಳೆತ ಗೊಬ್ಬರವೋ ನೀರನ್ನೂ ಅಮೋನಿಯಂ ರೂಪದ ಸಾರಜನಕವನ್ನೂ ಬೇರಿನ ಬಳಿ ಹಿಡಿದಿಡುತ್ತದೆ. ಒಂದು ಆ ಹೊತ್ತಿನ ಊಟ, ಇನ್ನೊಂದು ಊಟವನ್ನು ಕಾಯುವ ಕಣಜ. ಕಣಜವಿಲ್ಲದ ಮನೆಗೆ ಎಷ್ಟು ಧಾನ್ಯ ತಂದರೇನು?

೧೯೨೧ರಲ್ಲಿ ಅಮೆರಿಕದ ಶಾಸನಸಭೆಯ ಸಮಿತಿಯೆದುರು ಕಡಲೆಕಾಯಿಯ ಪರವಾಗಿ ಮಾತನಾಡಿದ ಮೇಲೆ ಕಾರ್ವರರ ಹೆಸರು ದೇಶದಲ್ಲೆಲ್ಲ ಹಬ್ಬಿತು. ಅವರು ಕಂಡುಹಿಡಿಯದ ಕಡಲೆಕಾಯಿ ಬೆಣ್ಣೆಯನ್ನೂ ಜನ ಅವರ ಲೆಕ್ಕಕ್ಕೆ ಸೇರಿಸಿದರು. ಅವರ ಪ್ರಯೋಗಶಾಲೆಯ ಪದಾರ್ಥಗಳಲ್ಲಿ ಮಾರುಕಟ್ಟೆಯಲ್ಲಿ ನಿಂತವು ಬಹಳ ಕಡಿಮೆ. ಈ ಮಾತನ್ನು ಮುಚ್ಚಿಟ್ಟು ಅವರನ್ನು ಹೊಗಳಬೇಕಾದ ಅಗತ್ಯ ನನಗೆ ಕಾಣುವುದಿಲ್ಲ. ಜನಾಂಗದ್ವೇಷದ ಆ ನಾಡಿನಲ್ಲಿ, ಸ್ವಂತ ನೆಲವಿಲ್ಲದವರಿಗೆ ಅವರು ಕಾಸಿಲ್ಲದೆ ದೊರೆಯುವ ವಿದ್ಯೆಯೊಂದನ್ನು ಕೊಟ್ಟರು, ಅಷ್ಟೇ ಸಾಕು. ಆ ವಿದ್ಯೆಯೂ ಒಕ್ಕಲಿನವರೆಲ್ಲರನ್ನು ಸಾಲದಿಂದ ಬಿಡಿಸಲಾರದೆ ಹೋಯಿತು. ಪರರ ಹೊಲದ ಮಣ್ಣನ್ನು ವರ್ಷಾನುಗಟ್ಟಲೆ ಸಾಕುವ ಧೈರ್ಯ ವಾರದ ಒಕ್ಕಲಿಗೆ ಎಲ್ಲಿಂದ ಬರಬೇಕು?

ಮದುವೆಯಾಗದೆ, ಸಂಬಳ ಹೆಚ್ಚಿಸೆಂದು ಕೇಳದೆ ಬಾಳಿದ ಕಾರ್ವರರು ತಮ್ಮ ಉಳಿತಾಯವನ್ನೆಲ್ಲ ಸಂಶೋಧನೆಗೆ ಬಿಟ್ಟು ೧೯೪೩ರ ಜನವರಿ ೫ರಂದು ಟಸ್ಕೀಗಿಯಲ್ಲಿ ಕಾಲವಾದರು. ತನ್ನದೆನ್ನುವ ಹೊಲವಿಲ್ಲದ ಜನರ ನಡುವೆ, ತನ್ನದೆನ್ನದೆ ಮಣ್ಣನ್ನು ಸಾಕಿದ ಬಾಳು ಅದು.