ದಾನಚಿಂತಾಮಣಿ ಅತ್ತಿಮಬ್ಬೆ

ಹಾವೇರಿಯ ಸಿದ್ಧೇಶ್ವರ ದೇವಾಲಯವನ್ನು ಕಂಡವರಿಗೆ ಗದಗದ ಸಮೀಪದ ಲಕ್ಕುಂಡಿಯ ಶಿಲ್ಪವು ಅಪರಿಚಿತವೆನಿಸದು. ಎರಡೂ ಕಲ್ಯಾಣ ಚಾಲುಕ್ಯರ ಕಾಲದವು. ಲಕ್ಕುಂಡಿಯಲ್ಲಿ ಕ್ರಿ.ಶ. 1007ರ ಸುಮಾರಿಗೆ ಬ್ರಹ್ಮಜಿನಾಲಯವನ್ನು ಕಟ್ಟಿಸಿದವಳು ಅತ್ತಿಮಬ್ಬೆ.

ಇವಳು ವೆಂಗಿನಾಡಿನ ಮಲ್ಲಪಯ್ಯನ ಮಗಳು. ಚಾಲುಕ್ಯರ ದಂಡನಾಯಕನಾದ ನಾಗದೇವನು ಇವಳನ್ನೂ ಇವಳ ತಂಗಿ ಗುಂಡಮಬ್ಬೆಯನ್ನೂ ವರಿಸಿದ್ದನು. ಅವನು ಅಕಾಲಮರಣಕ್ಕೆ ತುತ್ತಾದಾಗ ಗುಂಡಮಬ್ಬೆಯು ಸಹಗಮನ ಮಾಡಿದಳು. ಅತ್ತಿಮಬ್ಬೆಗಾದರೋ ಮಗ ಅಣ್ಣಿಗದೇವನಿದ್ದನು. ಅವಳು ಬದುಕುವ ಕಠಿನ ಮಾರ್ಗವನ್ನೇ ಆರಿಸಿಕೊಂಡಳು; ವ್ರತೋಪವಾಸಗಳಿಂದ ದೇಹವನ್ನು ದಂಡಿಸುತ್ತ ಮಗನನ್ನು ಬೆಳೆಸಿದಳು.

ಆಗ ಗ್ರಂಥಗಳೆಂದರೆ ತಾಳೆಯ ಗರಿಗಳು. ಕಂಠದಿಂದ ಒಂದೊಂದೇ ಅಕ್ಷರವನ್ನು ಕೊರೆದು ಪ್ರತಿ ಮಾಡಬೇಕಾಗಿತ್ತು. ಹುಳು ಹಿಡಿದರೆ, ಬೆಂಕಿ ಬಿದ್ದರೆ ಕಾವ್ಯವೇ ಅಳಿಯುತ್ತಿತ್ತು. ಪೊನ್ನಕವಿಯ ಶಾಂತಿಪುರಾಣವನ್ನು ಬರೆಯಿಸಿದವರು ಅವಳ ತಂದೆ ಮತ್ತು ಚಿಕ್ಕಪ್ಪ ಪುನ್ನಮಯ್ಯ. ಅತ್ತಿಮಬ್ಬೆಯು ಅದರ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂದು ಪ್ರತೀತಿ. ಮುದ್ರಣಯಂತ್ರವಿಲ್ಲದ ಆ ದಿನಗಳಲ್ಲಿ ಎಷ್ಟು ಲಿಪಿಕಾರರ, ಎಷ್ಟು ದಿನಗಳ ದುಡಿಮೆ! ಸಾವಿರದ ಐನೂರು ರತ್ನಖಚಿತ ಜಿನಪ್ರತಿಮೆಗಳನ್ನೂ ದಾನಮಾಡಿದಳೆನ್ನುತ್ತಾರೆ. ಆದರೂ ಕನ್ನಡಿಗರಿಗೆ ಗ್ರಂಥದಾನವೇ ಹಿರಿದು.

ಗೊಮ್ಮಟನ ದರ್ಶನವಾಗುವವರೆಗೆ ಅನ್ನವನ್ನು ಮುಟ್ಟೆನೆಂದು ವ್ರತ ತೊಟ್ಟು ಅವಳು ಶ್ರವಣಬೆಳಗೊಳಕ್ಕೆ ಯಾತ್ರೆ ಹೊರಟಳು. ಬೆಟ್ಟವನ್ನೇರಿ ಬಳಲಿದ ಅವಳ ಮೇಲೆ ಅಕಾಲದಲ್ಲಿ ಮಳೆ ಸುರಿಯಿತಂತೆ. ಪವಾಡದ ಮಾತು ಹೇಗೂ ಇರಲಿ, ಲಕ್ಕುಂಡಿಯಿಂದ ಬೆಳಗೊಳವು ಆ ಕಾಲಕ್ಕೆ ಸಣ್ಣ ದಾರಿಯಲ್ಲ.

ಮುದುವೊಳಲಿನ ರನ್ನನು ಅವಳ ಆಶ್ರಯದಲ್ಲಿ 993ರಲ್ಲಿ ಅಜಿತಪುರಾಣವನ್ನು ರಚಿಸಿ, ಅವಳ ಚರಿತ್ರೆಯನ್ನು ಅದರಲ್ಲಿ ಹೇಳಿದನು. ತನ್ನ ಮಗಳಿಗೂ ಅತ್ತಿಮಬ್ಬೆಯೆಂದೇ ಹೆಸರಿಟ್ಟನು.