ಛಾಯಾಗ್ರಾಹಕ ಗುಸ್ತಾವ್ ಲ ಗ್ರೇ

ಫ್ರಾನ್ಸ್ ದೇಶದ ರಾಜಧಾನಿಯಾದ ಪ್ಯಾರಿಸ್ಸಿನ ಸಮೀಪದಲ್ಲಿ ವಿಲಿಯೆ ಲ ಬೆಲ್ ಎಂಬ ಊರಿದೆ. ಅಲ್ಲಿ 1820ನೆಯ ಇಸವಿಯ ಆಗಸ್ಟ್ 30ರಂದು ಗುಸ್ತಾವ್ ಲ ಗ್ರೇ ಜನಿಸಿದನು. ವ್ಯಾಪಾರದಿಂದ ಜೀವಿಸುತ್ತಿದ್ದ ತಂದೆತಾಯಿಗಳಿಗೆ ಇವನೊಬ್ಬನೇ ಮಗ. ಅವನು ನ್ಯಾಯವ್ಯವಹಾರದ ವೃತ್ತಿಯನ್ನು ಹಿಡಿಯಲೆಂಬುದು ಅವರ ಬಯಕೆಯಾಗಿತ್ತು. ಬಾಲಕನ ಮನಸ್ಸಾದರೋ ಚಿತ್ರಕಲೆಯ ಕಡೆಗೆ ಒಲಿದಿತ್ತು. ಪಾಲ್ ದೆಲಾರೋಷ್ ಎಂಬ ಪ್ರಸಿದ್ಧ ಚಿತ್ರಕಾರನಲ್ಲಿ ಅವನು ಶಿಷ್ಯವೃತ್ತಿಯನ್ನು ಕೈಕೊಂಡನು. ಬಳಿಕ ಇಟಲಿಗೆ ಹೋಗಿ ಕೆಲವು ವರ್ಷ ಅಭ್ಯಾಸಮಾಡಿ, ಅಲ್ಲಿಯೇ ವಿವಾಹವಾಗಿ, 1847ರಲ್ಲಿ ಪ್ಯಾರಿಸ್ಸಿಗೆ ಹಿಂದಿರುಗಿದನು.

ಛಾಯಾಗ್ರಹಣವು ಜಗತ್ತಿಗೆ ಪ್ರಕಟವಾಗಿ ಆಗ ಎಂಟು ವರ್ಷಗಳಾಗಿದ್ದವು. ಲ ಗ್ರೇ ಕುಂಚವನ್ನು ಬದಿಗಿಟ್ಟು ಈ ಹೊಸ ವಿದ್ಯೆಗೆ ಮನಸೋತನು. ಕಾಗದಕ್ಕೆ ಮೊದಲೇ ಮೇಣವನ್ನೂಡಿ ನೆಗೆಟಿವ್ ತಯಾರಿಸುವ ವಿಧಾನವನ್ನು ಕಂಡುಹಿಡಿದು 1851ರಲ್ಲಿ ಪ್ರಕಟಿಸಿದನು. ಅದೇ ವರ್ಷ ಫ್ರಾನ್ಸಿನ ಪ್ರಾಚೀನ ಕಟ್ಟಡಗಳ ಚಿತ್ರಗಳನ್ನು ತೆಗೆಯಲು ಸರ್ಕಾರವು ನೇಮಿಸಿದ ಐವರಲ್ಲಿ ಅವನೂ ಒಬ್ಬನಾದನು. ಅವನಲ್ಲಿ ಕಲಿತವರು ಅನೇಕರು.

ಅವನ ಹೆಸರನ್ನು ಉಳಿಸಿದುದು ಕಡಲಿನ ಚಿತ್ರಗಳು. ಕಡಲನ್ನು ಚಿತ್ರಿಸುವುದು ಅಂದು ಸುಲಭವಾಗಿರಲಿಲ್ಲ. ಆಕಾಶವು ಬೆಳಕಿನಿಂದ ತುಂಬಿರುತ್ತದೆ; ಅಲೆಗಳ ಒಡಲು, ತೀರದ ಬಂಡೆಗಳು ಅದಕ್ಕಿಂತ ಬಹಳ ಮಸುಕು. ನಮ್ಮ ಕಣ್ಣು ಒಂದರಿಂದ ಇನ್ನೊಂದಕ್ಕೆ ಹೊರಳಿದೊಡನೆ ತನ್ನನ್ನು ತಾನೇ ಹೊಂದಿಸಿಕೊಳ್ಳುತ್ತದೆ. ಅಂದಿನ ಗಾಜಿನ ಫಲಕಕ್ಕೆ ಈ ಶಕ್ತಿ ಇರಲಿಲ್ಲ. ಮೇಲಾಗಿ ಅದಕ್ಕೆ ಸವರುತ್ತಿದ್ದ ಲೇಪವು ನೀಲಿಯ ಬೆಳಕಿಗೆ ಅತಿಯಾಗಿ ಸ್ಪಂದಿಸುತ್ತಿತ್ತು. ಬಂಡೆಗಳು ಸ್ಪಷ್ಟವಾಗಿ ಮೂಡುವಷ್ಟು ಹೊತ್ತು ಫಲಕವನ್ನು ಬೆಳಕಿಗೆ ಒಡ್ಡಿದರೆ ಆಕಾಶವು ಬರಿಯ ಬಿಳಿಯ ಹಾಳೆಯಾಗುತ್ತಿತ್ತು. ಮೋಡಗಳು ಉಳಿಯುವಂತೆ ಬೇಗನೆ ಮುಚ್ಚಿದರೆ ಕಡಲು ಕಪ್ಪಾಗುತ್ತಿತ್ತು. ಯಾವುದಾದರೊಂದನ್ನು ಬಿಡಬೇಕು. ಬಹುಮಂದಿ ಆಕಾಶವನ್ನೇ ಬಿಟ್ಟರು.

ಲ ಗ್ರೇ ಎರಡನ್ನೂ ಬಿಡಲೊಲ್ಲದವನಾದನು. ಆಕಾಶಕ್ಕೆ ಒಂದು, ಕಡಲಿಗೆ ಒಂದು ಹೀಗೆ ಎರಡು ನೆಗೆಟಿವುಗಳನ್ನು ಬೇರೆಬೇರೆ ತೆಗೆದು, ಒಂದರ ಆಕಾಶವನ್ನೂ ಮತ್ತೊಂದರ ನೀರನ್ನೂ ಒಂದೇ ಕಾಗದದ ಮೇಲೆ ಮುದ್ರಿಸಿದನು. ಬೆಸುಗೆಯನ್ನು ಕ್ಷಿತಿಜದ ಗೆರೆಯು ಮರೆಸುತ್ತಿತ್ತು. ಇಂತಹ ಉಪಾಯವನ್ನು ಅವನಿಗಿಂತ ಮೊದಲು ಬಯಾರ್ ಎಂಬ ಛಾಯಾಗ್ರಾಹಕನೂ ಸೂಚಿಸಿದ್ದನು. ಆದರೆ ಅದನ್ನು ಇಷ್ಟು ಚೆಲುವಾಗಿ ಸಾಧಿಸಿದವನು ಲ ಗ್ರೇ. 1857ರಲ್ಲಿ ಸೆತ್ ಎಂಬ ಬಂದರಿನಲ್ಲಿ ತೆಗೆದ ಮಹಾತರಂಗದ ಚಿತ್ರವು ಇದಕ್ಕೆ ನಿದರ್ಶನ. ಒಂದೇ ಬಗೆಯ ಮೋಡಗಳು ಅವನ ಬೇರೆಬೇರೆ ಕಡಲುಗಳ ಮೇಲೆ ಕಾಣಿಸಿಕೊಳ್ಳುವುದೂ ಉಂಟು! ಇದನ್ನು ಮೋಸವೆನ್ನಬೇಕೆ? ಕಣ್ಣು ಕಂಡುದನ್ನು ಫಲಕವು ಕಾಣದೆಹೋದಾಗ ಆ ಕೊರತೆಯನ್ನು ಕೈಚಳಕದಿಂದ ತುಂಬಿದನೆನ್ನುವುದೇ ಉಚಿತ.

ಅತ್ಯಂತ ಕತ್ತಲೆಯ ಭಾಗಕ್ಕೂ ಅತ್ಯಂತ ಬೆಳಕಿನ ಭಾಗಕ್ಕೂ ನಡುವಣ ಈ ಅಂತರವನ್ನು ಇಂದು ಡೈನಮಿಕ್ ರೇಂಜ್ ಎಂದು ಕರೆಯುತ್ತಾರೆ. ಲ ಗ್ರೇಯ ತೊಡಕು ದೂರದರ್ಶನದಲ್ಲಿಯೂ ತಲೆದೋರಿತು. ಹಳೆಯ ಗಾಜಿನ ಕೊಳವೆಯ ಪರದೆಗೆ ತಕ್ಕಂತೆ ರೂಪಿಸಿದ ಮಾನಕದಲ್ಲಿ ಬಿಳುಪಿನ ಪ್ರಕಾಶವು ಚದರ ಮೀಟರಿಗೆ ಸುಮಾರು 100 ಕ್ಯಾಂಡೆಲಾ ಮಾತ್ರ. ಮೋಡದ ಅಂಚು, ದೀಪದ ಕುಡಿ, ನೀರಿನ ಮೇಲಿನ ಬಿಸಿಲು ಇವೆಲ್ಲವೂ ಅದರಲ್ಲಿ ಒಂದೇ ಬಿಳುಪಾಗಿಬಿಡುತ್ತಿದ್ದವು. ಹೈ ಡೈನಮಿಕ್ ರೇಂಜ್ ವಿಡಿಯೋ ಪದ್ಧತಿಯಲ್ಲಿ ಈ ಮಿತಿಯು ಸಾವಿರಕ್ಕೂ ಅದರಾಚೆಗೂ ಏರಿದೆ. ಇಡೀ ಚಿತ್ರವೇ ಕಣ್ಣು ಕುಕ್ಕುವಂತಾಗಬೇಕೆಂದು ಇದರ ಅರ್ಥವಲ್ಲ. ಮಿನುಗುವ ಭಾಗಗಳು ಮಾತ್ರ ನಿಜವಾಗಿ ಮಿನುಗಬೇಕು. ಹಾಗೆಯೇ ಕತ್ತಲೆಯಿಂದ ಬೆಳಕಿಗೆ ಏರುವ ಮೆಟ್ಟಿಲುಗಳೂ ಹೆಚ್ಚಬೇಕು. ಹಿಂದಿನ 256 ಮೆಟ್ಟಿಲುಗಳನ್ನೇ ಅಷ್ಟು ದೂರಕ್ಕೆ ಹರಡಿದರೆ ಆಕಾಶದಲ್ಲಿ ಪಟ್ಟೆಪಟ್ಟೆಗಳು ಕಾಣುತ್ತವೆ. ಆದುದರಿಂದ 1024 ಅಥವಾ ಅದಕ್ಕಿಂತ ಹೆಚ್ಚು ಮೆಟ್ಟಿಲುಗಳನ್ನು ಬಳಸುತ್ತಾರೆ. ಇಂತಹ ವಿಡಿಯೋಗಳಿಗಾಗಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು 2016ರಲ್ಲಿ ಮಾನಕವೊಂದನ್ನು ಪ್ರಕಟಿಸಿತು. ಲ ಗ್ರೇಗೆ ಈ ಅನುಕೂಲ ಇರಲಿಲ್ಲ. ಕಾಗದದ ಬಿಳುಪಿಗಿಂತ ಹೆಚ್ಚಿನ ಬೆಳಕು ಅವನ ಚಿತ್ರದಲ್ಲಿ ಎಲ್ಲಿಂದ ಬರಬೇಕು? ಅವನು ವಿಶಾಲವಾದ ಬೆಳಕನ್ನು ಕಿರಿದಾದ ಕಾಗದಕ್ಕೆ ಒಗ್ಗಿಸಿದನು; ಇಂದಿನ ಪರದೆಯಾದರೋ ತಾನೇ ವಿಶಾಲವಾಗಿದೆ.

ಕಡಲಿನ ಚಿತ್ರಗಳಿಂದ ಅವನ ಕೀರ್ತಿಯು ಇಂಗ್ಲೆಂಡಿನವರೆಗೂ ಹಬ್ಬಿತು. ಚಕ್ರವರ್ತಿ ಮೂರನೆಯ ನೆಪೋಲಿಯನ್ನನ ಸೇನಾಶಿಬಿರವನ್ನು ಚಿತ್ರಿಸುವ ಗೌರವವೂ ದೊರೆಯಿತು. ಆದರೆ ಲೆಕ್ಕಪತ್ರವನ್ನು ನೋಡಿಕೊಳ್ಳುವ ಜಾಣತನ ಅವನಿಗೆ ಒಲಿಯಲಿಲ್ಲ. ಪ್ಯಾರಿಸ್ಸಿನ ಬೀದಿಯೊಂದರಲ್ಲಿ ಅವನು ತೆರೆದ ವೈಭವದ ಚಿತ್ರಶಾಲೆಯು ಸಾಲದಲ್ಲಿ ಮುಳುಗಿತು. 1860ರಲ್ಲಿ ಅವನು ಹೆಂಡತಿಮಕ್ಕಳನ್ನು ತೊರೆದು, ಕಾದಂಬರಿಕಾರ ಅಲೆಕ್ಸಾಂಡರ್ ಡ್ಯೂಮಾನ ಹಡಗನ್ನು ಏರಿದನು. ಕುಟುಂಬವನ್ನು ಕೈಬಿಟ್ಟುದು ಅವನ ಬಾಳಿನ ಕಳಂಕವೇ ಸರಿ. ಸಿಸಿಲಿಯಲ್ಲಿ ಗ್ಯಾರಿಬಾಲ್ಡಿಯ ಭಾವಚಿತ್ರವನ್ನು ತೆಗೆದನು. ಬಳಿಕ ಡ್ಯೂಮಾನೊಡನೆ ವಿರಸವುಂಟಾಗಿ, ಮಾಲ್ಟಾ ದ್ವೀಪದಲ್ಲಿ ಅವನನ್ನು ಅಗಲಬೇಕಾಯಿತು.

ಸಿರಿಯದ ಮಾರ್ಗವಾಗಿ ಅವನು ಈಜಿಪ್ಟನ್ನು ಸೇರಿದನು. ಕೈರೋ ನಗರದಲ್ಲಿ ರೇಖಾಚಿತ್ರದ ಉಪಾಧ್ಯಾಯನಾಗಿ ಸುಮಾರು ಇಪ್ಪತ್ತು ವರ್ಷ ಜೀವಿಸಿದನು. ಅರಸು ಮನೆತನದ ಮಕ್ಕಳಿಗೂ ಪಾಠ ಹೇಳಿದನು. ಮತ್ತೆ ತಾಯ್ನಾಡನ್ನು ಕಾಣಲಿಲ್ಲ. 1884ರ ಜುಲೈ 30ರಂದು ಅಲ್ಲಿಯೇ ತೀರಿಕೊಂಡನು. ಸಾಲದ ಭಯದಿಂದ ಊರು ಬಿಟ್ಟವನ ಆ ಮಹಾತರಂಗದ ಚಿತ್ರದ ಒಂದು ಪ್ರತಿಯು 1999ರಲ್ಲಿ ಲಂಡನ್ನಿನ ಹರಾಜಿನಲ್ಲಿ ಐದು ಲಕ್ಷ ಪೌಂಡುಗಳಿಗಿಂತ ಅಧಿಕ ಬೆಲೆಗೆ ಮಾರಾಟವಾಯಿತು. ಅಲ್ಲಿಯವರೆಗೆ ಯಾವ ಛಾಯಾಚಿತ್ರಕ್ಕೂ ಹರಾಜಿನಲ್ಲಿ ಅಷ್ಟು ಬೆಲೆ ಬಂದಿರಲಿಲ್ಲ.